ಲಿನಕ್ಸ್‌ನಲ್ಲಿ ಮನೆ ವಿಡಿಯೋ ಎಡಿಟಿಂಗ್: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹತ್ತದ ಹಳೆ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಮಿಂಟ್ ಅಥವಾ ಉಬುಂಟು ಥರದ ಲಿನಕ್ಸ್ ಹಾಕಿಕೊಂಡವರು ನಮ್ಮ ಮಡಿಕೇರಿ, ವಿರಾಜಪೇಟೆ, ಕುಶಾಲನಗರ ಕಡೆಯೂ ಇದ್ದಾರೆ. ಬ್ರೌಸರ್, ಲೆಟರ್ ಟೈಪಿಂಗ್, ತೋಟದ ಲೆಕ್ಕ ಎಲ್ಲ ಬೇಗ ಒಗ್ಗಿಹೋಗುತ್ತದೆ. ಆಮೇಲೆ ಮನೆಯಲ್ಲೊಂದು ಮದುವೆ ಆಗುತ್ತದೆ. ಅಲ್ಲಿಂದ ಈ ಪ್ರಶ್ನೆಗಳು ಶುರು.

ಸುತ್ತು ಬಳಸದೆ ಹೇಳಿ, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?

ವರ್ಷಕ್ಕೆ ಒಂದೋ ಎರಡೋ ವಿಡಿಯೋ ಮಾಡುವವರಾದರೆ ಶಾಟ್‌ಕಟ್. ಮದುವೆ, ನಾಮಕರಣ, ಹುತ್ತರಿ, ಐನ್‌ಮನೆಯಲ್ಲಿ ಕುಟುಂಬ ಸೇರುವುದು ಅಂತ ಪ್ರತಿ ಸಲವೂ ನೀವೇ ಎಡಿಟ್ ಮಾಡುವವರಾದರೆ ಕೆಡೆನ್‌ಲೈವ್. ಹಿಂದೆ ಮುಂದೆ ಬೇಡದ ಭಾಗ ಕತ್ತರಿಸಿದರೆ ಸಾಕು ಅನ್ನುವವರಿಗೆ ಇವೆರಡೂ ಬೇಡ, ಲಾಸ್‌ಲೆಸ್‌ಕಟ್ ಸಾಕು. ಮೂರೂ ಉಚಿತ, ಮೂರೂ ಮುಕ್ತ ತಂತ್ರಾಂಶ.

ಆದರೆ ಒಂದು ಮಾತು. ಸಾಫ್ಟ್‌ವೇರ್ ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ನಿಮ್ಮ ಫೈಲ್‌ಗಳನ್ನು ನೋಡಿ. ಯಾವ ಮೊಬೈಲಲ್ಲಿ ತೆಗೆದದ್ದು, ಎಷ್ಟು ಜಿಬಿ ಇದೆ, ವಾಟ್ಸಾಪ್‌ನಲ್ಲಿ ಬಂದದ್ದಾ, ಹಳೆ ಡಿವಿಡಿಯದ್ದಾ? ಎಡಿಟಿಂಗ್‌ನಲ್ಲಿ ಆಗುವ ತೊಂದರೆಗಳಲ್ಲಿ ಜಾಸ್ತಿ ಪಾಲು ಫೈಲ್‌ನಿಂದ ಬರುವುದು. ಬೈಗುಳ ತಿನ್ನುವುದು ಮಾತ್ರ ಸಾಫ್ಟ್‌ವೇರ್.

ಕೆಡೆನ್‌ಲೈವ್‌ಗೂ ಶಾಟ್‌ಕಟ್‌ಗೂ ಏನು ವ್ಯತ್ಯಾಸ?

ಒಳಗಿನ ಎಂಜಿನ್ ಒಂದೇ. ಎಂಎಲ್‌ಟಿ ಎಂಬ ಚೌಕಟ್ಟಿನ ಮೇಲೆ ಎರಡೂ ನಿಂತಿವೆ. ಫೈಲ್ ಓದುವುದು, ಬರೆಯುವುದು ಎಫ್‌ಎಫ್‌ಎಂಪೆಗ್‌ನ ಕೆಲಸ. ಹಾಗಾಗಿ ಒಂದರಲ್ಲಿ ತೆರೆಯುವ ವಿಡಿಯೋ ಸಾಮಾನ್ಯವಾಗಿ ಇನ್ನೊಂದರಲ್ಲೂ ತೆರೆಯುತ್ತದೆ. ಕೊನೆಗೆ ಬರುವ ಗುಣಮಟ್ಟದಲ್ಲೂ ಹೇಳಿಕೊಳ್ಳುವ ಅಂತರ ಇಲ್ಲ.

ವ್ಯತ್ಯಾಸ ಇರುವುದು ಕೈಗೆ ಸಿಗುವ ರೀತಿಯಲ್ಲಿ. ಶಾಟ್‌ಕಟ್‌ನಲ್ಲಿ ಎಲ್ಲವೂ ಫಿಲ್ಟರ್. ಬಣ್ಣ ತಿದ್ದಬೇಕಾ, ಹೆಸರು ಬರೆಯಬೇಕಾ, ಅಲುಗಾಟ ಕಡಿಮೆ ಮಾಡಬೇಕಾ, ಕ್ಲಿಪ್ ಆರಿಸಿ ಫಿಲ್ಟರ್ ಹಾಕಿ. ಅಷ್ಟೇ. ಕೆಡೆನ್‌ಲೈವ್ ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದ್ದು. ಅದರಲ್ಲಿ ಫೈಲ್‌ಗಳನ್ನು ಫೋಲ್ಡರ್ ಮಾಡಿ ಇಡುವ ಬಿನ್ ಇದೆ, ಟೈಟಲ್ ಬರೆಯಲು ಬೇರೆಯೇ ಕಿಟಕಿ ಇದೆ, ಸಬ್‌ಟೈಟಲ್ ಟ್ರ್ಯಾಕ್ ಇದೆ. ಇನ್ನೂರು ಕ್ಲಿಪ್ ಇರುವ ಮದುವೆಗೆ ಈ ಅನುಕೂಲ ದೊಡ್ಡದು. ಐದು ಕ್ಲಿಪ್ ಇರುವ ಹುಟ್ಟುಹಬ್ಬಕ್ಕೆ ಇಷ್ಟೆಲ್ಲ ಬಟನ್ ನೋಡಿದರೆ ಗಾಬರಿಯಾಗುತ್ತದೆ.

ಮೂವಿ ಮೇಕರ್ ಥರದ್ದು ಏನಾದರೂ ಇದೆಯಾ?

ಮೂವಿ ಮೇಕರನ್ನು ಮೈಕ್ರೋಸಾಫ್ಟ್ 2017ರ ಜನವರಿಯಲ್ಲೇ ನಿಲ್ಲಿಸಿತು. ಆದರೂ ಅದನ್ನು ಕೇಳುವವರು ಕಡಿಮೆಯಾಗಿಲ್ಲ. ಲಿನಕ್ಸ್‌ನಲ್ಲಿ ಅದಕ್ಕೆ ಹತ್ತಿರದ್ದು ಓಪನ್‌ಶಾಟ್. ಫೋಟೋ ಎಳೆದು ಹಾಕಿ, ಹಾಡು ಹಾಕಿ, ಮಧ್ಯೆ ಟ್ರಾನ್ಸಿಶನ್ ಹಾಕಿದರೆ ಸ್ಲೈಡ್‌ಶೋ ಮುಗಿಯಿತು. ಮಕ್ಕಳಿಗೂ ಬೇಗ ಬರುತ್ತದೆ. ಉದ್ದದ ವಿಡಿಯೋ, 4ಕೆ ಫೈಲ್ ಹಾಕಿದಾಗ ಪ್ರಿವ್ಯೂ ತಡವರಿಸುತ್ತದೆ. ಅದಕ್ಕೇ ಫೋಟೋ ಆಲ್ಬಂ ಥರದ ಕೆಲಸಕ್ಕೆ ಮಾತ್ರ ಅದನ್ನು ಹೇಳುತ್ತೇನೆ.

ಬರೀ ಕತ್ತರಿಸಲು ಲಾಸ್‌ಲೆಸ್‌ಕಟ್ ಅಂದಿರಿ. ಅದರಲ್ಲಿ ಏನು ವಿಶೇಷ?

ಉಳಿದ ಎಡಿಟರ್‌ಗಳು ಇಡೀ ವಿಡಿಯೋವನ್ನು ಬಿಚ್ಚಿ ಮತ್ತೆ ಹೊಸದಾಗಿ ಕಟ್ಟುತ್ತವೆ. ಹಳೆ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು, ಗುಣಮಟ್ಟವೂ ಸ್ವಲ್ಪ ಇಳಿಯುತ್ತದೆ. ಲಾಸ್‌ಲೆಸ್‌ಕಟ್ ಬೇಕಾದ ಭಾಗವನ್ನು ಇದ್ದ ಹಾಗೇ ನಕಲು ಮಾಡುತ್ತದೆ. ಒಂದು ಗಂಟೆಯ ಹಾಕಿ ಮ್ಯಾಚ್‌ನಿಂದ ನಿಮ್ಮ ಮಗ ಹೊಡೆದ ಗೋಲುಗಳನ್ನು ಮಾತ್ರ ತೆಗೆಯಲು ಇದಕ್ಕಿಂತ ವೇಗದ ದಾರಿ ಇಲ್ಲ.

ಎರಡು ಮಿತಿ ಗೊತ್ತಿರಲಿ. ಕೀಫ್ರೇಮ್ (ಪೂರ್ತಿ ಚಿತ್ರ ಉಳಿದಿರುವ ಫ್ರೇಮ್) ಇರುವ ಜಾಗದಲ್ಲೇ ಕತ್ತರಿಸುವುದರಿಂದ ನೀವು ಹೇಳಿದ ಜಾಗಕ್ಕಿಂತ ಒಂದೆರಡು ಸೆಕೆಂಡ್ ಆಚೀಚೆ ಆಗಬಹುದು. ತುಂಡುಗಳನ್ನು ಜೋಡಿಸಬೇಕಾದರೆ ಎಲ್ಲವೂ ಒಂದೇ ಮೊಬೈಲಲ್ಲಿ, ಒಂದೇ ಸೆಟ್ಟಿಂಗ್‌ನಲ್ಲಿ ತೆಗೆದದ್ದಾಗಿರಬೇಕು. ಅವಿಡೆಮಕ್ಸ್ ಕೂಡ ಇದೇ ಕೆಲಸ ಮಾಡುತ್ತದೆ.

ನಮ್ಮದು 8 ಜಿಬಿ ರ‍್ಯಾಮ್‌ನ ಹಳೆ ಲ್ಯಾಪ್‌ಟಾಪ್. 4ಕೆ ವಿಡಿಯೋ ಹಾಕಿದರೆ ನಿಂತೇ ಹೋಗುತ್ತದೆ. ಹೊಸದು ತಗೋಬೇಕಾ?

ಬೇಡ. ಪ್ರಾಕ್ಸಿ ಆನ್ ಮಾಡಿ. ಕೆಡೆನ್‌ಲೈವ್, ಶಾಟ್‌ಕಟ್ ಎರಡರಲ್ಲೂ ಇದೆ. ಪ್ರಾಕ್ಸಿ ಅಂದರೆ ನಿಮ್ಮ ದೊಡ್ಡ ಫೈಲ್‌ಗೆ ಒಂದು ಚಿಕ್ಕ ನಕಲು. ಎಡಿಟ್ ಮಾಡುವಾಗ ಪರದೆಯಲ್ಲಿ ಓಡುವುದು ಆ ಚಿಕ್ಕದು. ಕೊನೆಗೆ ಫೈಲ್ ತಯಾರಾಗುವಾಗ ಮೂಲ ವಿಡಿಯೋವನ್ನೇ ಬಳಸುತ್ತದೆ. ನಕಲು ತಯಾರಾಗಲು ಹೊತ್ತು ಬೇಕು. ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ಸಿದ್ಧ.

ದುಡ್ಡು ಹಾಕಲೇಬೇಕು ಅನ್ನಿಸಿದರೆ ಎಸ್‌ಎಸ್‌ಡಿಗೆ ಹಾಕಿ. ಇನ್ನೊಂದು, ಮನೆ ವಿಡಿಯೋಗೆ 4ಕೆ ಪ್ರಾಜೆಕ್ಟ್ ಬೇಕಾ ಅಂತ ಯೋಚಿಸಿ. ಪ್ರಾಜೆಕ್ಟನ್ನು 1080ಪಿಯಲ್ಲಿ ಇಟ್ಟುಕೊಂಡು 4ಕೆ ಕ್ಲಿಪ್ ಹಾಕಿದರೆ ಬೇಕಾದ ಮುಖಕ್ಕೆ ಜೂಮ್ ಮಾಡಿದರೂ ಚಿತ್ರ ಮಸುಕಾಗುವುದಿಲ್ಲ. ಹಿಂದಿನ ಸಾಲಲ್ಲಿ ಕೂತ ಅಜ್ಜಿಯನ್ನು ಮುಂದೆ ತರಲು ಇದು ಒಳ್ಳೆಯ ಉಪಾಯ.

ಹತ್ತು ಜನ ಹತ್ತು ಮೊಬೈಲಲ್ಲಿ ತೆಗೆದಿದ್ದಾರೆ. ಎಲ್ಲರೂ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. ಅದನ್ನೇ ಬಳಸಬಹುದಾ?

ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ. ವಾಟ್ಸಾಪ್ ಮಾಮೂಲಿ ರೀತಿಯಲ್ಲಿ ಕಳಿಸಿದ ವಿಡಿಯೋವನ್ನು ಕುಗ್ಗಿಸುತ್ತದೆ. ಒಮ್ಮೆ ಹೋದ ವಿವರವನ್ನು ಯಾವ ಎಡಿಟರ್ ಕೂಡ ವಾಪಸ್ ತರುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ, ಆಗ 2 ಜಿಬಿವರೆಗಿನ ಫೈಲ್ ಮೂಲ ರೂಪದಲ್ಲೇ ಬರುತ್ತದೆ.

ಆದರೆ ತೋಟದ ಮನೆಯ ನೆಟ್‌ವರ್ಕ್‌ನಲ್ಲಿ 2 ಜಿಬಿ ಅನ್ನುವುದೇ ತಮಾಷೆ ಅಲ್ವಾ? ಎಲ್ಲರೂ ಒಂದೇ ಮನೆಯಲ್ಲಿ ಇರುವಾಗಲೇ ತೆಗೆದುಕೊಳ್ಳುವುದು ಉತ್ತಮ. ಕೆಡಿಇ ಕನೆಕ್ಟ್ ಅಥವಾ ಲೋಕಲ್‌ಸೆಂಡ್ ಹಾಕಿಕೊಂಡರೆ ಮನೆಯ ವೈಫೈ ಮೂಲಕವೇ ಮೊಬೈಲಿನಿಂದ ಲ್ಯಾಪ್‌ಟಾಪಿಗೆ ಬರುತ್ತದೆ. ಇಂಟರ್‌ನೆಟ್ ಬೇಕಾಗಿಲ್ಲ. ಕೇಬಲ್ ಇದ್ದರಂತೂ ಇನ್ನೂ ನಿಶ್ಚಿಂತೆ. ನೆಂಟರು ಊಟ ಮುಗಿಸಿ ಕಾರು ಹತ್ತುವ ಮೊದಲು ಈ ಕೆಲಸ ಆಗಲಿ. ಬೆಂಗಳೂರಿಗೆ ಹೋದ ಮೇಲೆ "ಕಳಿಸ್ತೀನಿ" ಅಂದವರ ವಿಡಿಯೋ ಬರುವುದಿಲ್ಲ.

ಬಂದ ಫೈಲ್‌ಗಳನ್ನು ತೆಗೆದವರ ಹೆಸರಿನ ಫೋಲ್ಡರ್‌ಗಳಲ್ಲಿ ಹಾಕಿ.

ಶುರುವಿನಲ್ಲಿ ಸರಿಯಿದ್ದ ಧ್ವನಿ ಕೊನೆಕೊನೆಗೆ ತುಟಿಗೆ ಹೊಂದುವುದಿಲ್ಲ. ಯಾಕೆ?

ಮೊಬೈಲ್ ಕ್ಯಾಮೆರಾಗಳು ಸೆಕೆಂಡಿಗೆ ಇಂತಿಷ್ಟೇ ಫ್ರೇಮ್ ಅಂತ ಕಟ್ಟುನಿಟ್ಟಾಗಿ ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ ವೇಗ ಏರುಪೇರಾಗುತ್ತದೆ. ಎಡಿಟರ್‌ಗೆ ಬೇಕಾದದ್ದು ಒಂದೇ ವೇಗ. ಇವೆರಡರ ನಡುವಿನ ಜಗಳವೇ ನೀವು ನೋಡುತ್ತಿರುವುದು. ಇಂಥ ಕ್ಲಿಪ್ ಹಾಕಿದಾಗ ಕೆಡೆನ್‌ಲೈವ್ ಎಚ್ಚರಿಕೆ ಕೊಟ್ಟು, ಎಡಿಟ್‌ಗೆ ಒಗ್ಗುವ ರೂಪಕ್ಕೆ ಬದಲಿಸಲಾ ಅಂತ ಕೇಳುತ್ತದೆ. ಹೂಂ ಅನ್ನಿ. ಶಾಟ್‌ಕಟ್‌ನಲ್ಲೂ ಅದೇ ಅನುಕೂಲ ಇದೆ. ಬದಲಿಸಿದ ಫೈಲ್ ಮೂಲಕ್ಕಿಂತ ಬಹಳ ದೊಡ್ಡದಾಗುತ್ತದೆ. ಡಿಸ್ಕ್‌ನಲ್ಲಿ ಜಾಗ ನೋಡಿಕೊಳ್ಳಿ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಬದಲಿಸುವ ಪ್ರೋಗ್ರಾಂನಲ್ಲಿ ಸ್ಥಿರ ಫ್ರೇಮ್ ವೇಗ ಆರಿಸಿ ಮೊದಲೇ ಬದಲಿಸಿಕೊಂಡರೂ ನಡೆಯುತ್ತದೆ.

ಒಂದೇ ಘಟನೆಯನ್ನು ಮೂರು ಮೊಬೈಲಲ್ಲಿ ತೆಗೆದಿದ್ದೇವೆ. ಒಂದರ ಮೇಲೊಂದು ಕೂರಿಸುವುದು ಹೇಗೆ?

ಧ್ವನಿ ಹಿಡಿದು. ಕೆಡೆನ್‌ಲೈವ್‌ನಲ್ಲಿ ಒಂದು ಕ್ಲಿಪ್ಪನ್ನು ಆಡಿಯೋ ರೆಫರೆನ್ಸ್ ಅಂತ ಗುರುತು ಮಾಡಿ, ಉಳಿದದ್ದನ್ನು ಅದಕ್ಕೆ ಅಲೈನ್ ಮಾಡು ಅನ್ನಬಹುದು. ಶಾಟ್‌ಕಟ್‌ನಲ್ಲೂ ರೆಫರೆನ್ಸ್ ಟ್ರ್ಯಾಕ್‌ಗೆ ಹೊಂದಿಸುವ ಆಯ್ಕೆ ಇದೆ.

ನಮ್ಮ ಮದುವೆಗಳಲ್ಲಿ ವಾಲಗ ಎಲ್ಲ ಮೊಬೈಲಿಗೂ ಜೋರಾಗಿ ಕೇಳಿಸುತ್ತದೆ. ಇದರಿಂದ ಅನುಕೂಲವೂ ಇದೆ, ಪೇಚೂ ಇದೆ. ಗಂಗಾಪೂಜೆ ಮುಗಿಸಿ ನೀರು ಹೊತ್ತು ಬರುವ ಮದುಮಗಳ ದಾರಿ ತಡೆದು ಗಂಟೆಗಟ್ಟಲೆ ಕುಣಿಯುತ್ತಾರಲ್ಲ, ಆಗ ತಾಳ ಒಂದೇ ಥರ ಸಾಗುತ್ತಿರುತ್ತದೆ. ಸಾಫ್ಟ್‌ವೇರ್ ಅದನ್ನು ಕೇಳಿ ತಪ್ಪು ಜಾಗಕ್ಕೆ ಕೂರಿಸಿಬಿಡಬಹುದು. ಅಂಥ ಕಡೆ ಕೈಯಿಂದಲೇ ಹೊಂದಿಸಿ. ಅದಕ್ಕೆ ಬೇಕಾದದ್ದು ಕಣ್ಣಿಗೂ ಕಿವಿಗೂ ಒಟ್ಟಿಗೆ ಸಿಗುವ ಒಂದು ಕ್ಷಣ. ಬಾಳೆ ಕಡಿಯುವಾಗ ಕತ್ತಿ ತಾಗುವ ಹೊತ್ತು, ಹುತ್ತರಿಯಲ್ಲಿ ಕದಿರು ತೆಗೆಯುವಾಗ ಹಾರಿಸುವ ಕೋವಿಯ ಶಬ್ದ, ಇವು ಆಡಿಯೋ ಗೆರೆಯಲ್ಲಿ ಸೂಜಿಯಂತೆ ಎದ್ದು ಕಾಣುತ್ತವೆ. ಮೂರೂ ಟ್ರ್ಯಾಕ್‌ನ ಸೂಜಿ ಒಂದೇ ಗೆರೆಗೆ ತಂದರೆ ಮುಗಿಯಿತು.

ಆಮೇಲೆ ಮೂರರಲ್ಲಿ ಒಂದು ಮೊಬೈಲಿನ ಧ್ವನಿ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮ್ಯೂಟ್ ಮಾಡಿ. ವಾಲಗದವರಿಂದ ದೂರ ನಿಂತು ತೆಗೆದವರ ಧ್ವನಿಯೇ ಚೆನ್ನಾಗಿರುತ್ತದೆ. ಹತ್ತಿರ ನಿಂತವರದು ಒಡೆದು ಕರ್ಕಶವಾಗಿರುತ್ತದೆ, ಒಡೆದದ್ದನ್ನು ಪೂರ್ತಿ ಸರಿಮಾಡಲು ಆಗದು.

ಕನ್ನಡದಲ್ಲಿ ಹೆಸರು ಬರೆದರೆ ಒತ್ತಕ್ಷರ ಚೆಲ್ಲಾಪಿಲ್ಲಿ ಆಗುತ್ತದೆ, ಇಲ್ಲವೇ ಚೌಕ ಡಬ್ಬಿ ಬರುತ್ತದೆ.

ಡಬ್ಬಿ ಬಂದರೆ ಕನ್ನಡ ಫಾಂಟ್ ಇಲ್ಲ ಎಂದರ್ಥ. ಡೆಬಿಯನ್, ಉಬುಂಟು, ಮಿಂಟ್‌ಗಳಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟ್‌ಗಳು ಪ್ಯಾಕೇಜ್ ಆಗಿಯೇ ಸಿಗುತ್ತವೆ. ನೋಟೋ ಸಾನ್ಸ್ ಕನ್ನಡವೂ ಇದೆ. ಪರದೆ ಮೇಲೆ ಓದಲು ನೋಟೋದ ದಪ್ಪ ಅಕ್ಷರ ಚೆನ್ನ. ಮದುವೆ ಕಾಗದದ ಕಳೆ ಬೇಕು ಅಂದರೆ ನವಿಲು ನೋಡಿ. ಫಾಂಟ್ ಹಾಕಿದ ಮೇಲೆ ಎಡಿಟರ್ ಮುಚ್ಚಿ ತೆರೆಯಿರಿ.

ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ನೀವು ಹಳೆ ನುಡಿ ಅಥವಾ ಬರಹ ಫೈಲಿನಿಂದ ನಕಲು ಮಾಡಿದ್ದೀರಿ. ಆಗಿನ ಅಕ್ಷರ ಸಂಕೇತ ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಪದ್ಧತಿ) ಅಲ್ಲ. ಆಹ್ವಾನ ಪತ್ರಿಕೆ ಪ್ರಿಂಟ್ ಮಾಡಿದವರು ಕೊಡುವ ಫೈಲ್‌ನಲ್ಲಿ ಇದು ಸಾಮಾನ್ಯ. ಎರಡು ಸಾಲಿಗೆ ಕನ್ವರ್ಟರ್ ಹುಡುಕುವುದಕ್ಕಿಂತ ಹೊಸದಾಗಿ ಟೈಪ್ ಮಾಡುವುದೇ ಬೇಗ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಕಗಪ ಆಯ್ಕೆ ಇದೆ, ನುಡಿ ಬಳಸಿದವರ ಕೈಗೆ ಅದು ಬೇಗ ಹತ್ತುತ್ತದೆ.

ಫಾಂಟ್ ಸರಿಯಿದ್ದೂ ಒತ್ತಕ್ಷರ ಬೇರೆ ನಿಂತರೆ ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಗೆ ತನ್ನಿ. ಒಂದೊಂದೇ ಅಕ್ಷರ ಮೂಡುವ ಟೈಪ್‌ರೈಟರ್ ಎಫೆಕ್ಟ್ ಕನ್ನಡಕ್ಕೆ ಬೇಡವೇ ಬೇಡ. 'ಪೊನ್ನಂಪೇಟೆ' ಬರೆಯಲು ಹೋದರೆ ಅರ್ಧ ದಾರಿಯಲ್ಲಿ ಏನೇನೋ ಕಾಣಿಸುತ್ತದೆ. ಇಡೀ ಪದ ಮೆಲ್ಲಗೆ ಮೂಡುವ ಫೇಡ್ ಸಾಕು.

ಮಾತನ್ನು ಕೇಳಿ ತಾನೇ ಸಬ್‌ಟೈಟಲ್ ಬರೆಯುತ್ತದಂತೆ. ಕೊಡವ ತಕ್ಕ್‌ಗೂ ಆಗುತ್ತದಾ?

ಇಲ್ಲ. ಕೆಡೆನ್‌ಲೈವ್ ಇದಕ್ಕೆ ವಾಸ್ಕ್ ಅಥವಾ ವಿಸ್ಪರ್ ಬಳಸುತ್ತದೆ. ವಿಸ್ಪರ್‌ನ ಭಾಷೆಗಳಲ್ಲಿ ಕನ್ನಡ ಇದೆ, ಆದರೆ ತಪ್ಪುಗಳು ಧಾರಾಳ. ಕೊಡವ ತಕ್ಕ್, ಅರೆಭಾಷೆ, ತುಳು ಆ ಪಟ್ಟಿಯಲ್ಲೇ ಇಲ್ಲ. ಬಲವಂತ ಮಾಡಿದರೆ ಅದು ಕೇಳಿದ್ದನ್ನು ಬೇರೆ ಭಾಷೆ ಅಂದುಕೊಂಡು ಏನೋ ಬರೆಯುತ್ತದೆ.

ಕೈಯಿಂದ ಬರೆಯುವುದೇ ದಾರಿ. ಎಲ್ಲ ಮಾತಿಗೂ ಬೇಕಾಗಿಲ್ಲ. ಆದರೆ ಮನೆಯ ಹಿರಿಯರು ಕೂತು ಹಳೆಯದನ್ನು ಹೇಳುತ್ತಿರುವ ವಿಡಿಯೋ ಇದ್ದರೆ ಆ ಕಷ್ಟ ಪಡಿ. ಬೆಂಗಳೂರಿನಲ್ಲೋ ದುಬೈಯಲ್ಲೋ ಬೆಳೆದ ಮೊಮ್ಮಕ್ಕಳಿಗೆ ಕೊಡವ ತಕ್ಕ್ ಅರ್ಧ ಮಾತ್ರ ತಿಳಿಯುತ್ತದೆ. ಕನ್ನಡ ಲಿಪಿಯಲ್ಲಿ ಆಡಿದ ಮಾತೇ ಒಂದು ಸಾಲು, ಅರ್ಥ ಒಂದು ಸಾಲು ಹಾಕಿದರೆ ಅವರಿಗೂ ಸಿಕ್ಕುತ್ತದೆ. ಸಬ್‌ಟೈಟಲ್ಲನ್ನು ಎಸ್‌ಆರ್‌ಟಿ ಫೈಲ್ ಆಗಿಯೂ ಉಳಿಸಿ. ಅದು ಬರೀ ಪಠ್ಯ, ನಾಳೆ ಯಾವ ಸಾಫ್ಟ್‌ವೇರ್ ಬಂದರೂ ತೆರೆಯುತ್ತದೆ.

ಮಳೆಯ ಸದ್ದು ತೆಗೆಯಬಹುದಾ?

ದೂರದ ಮಳೆಯಾದರೆ ಸ್ವಲ್ಪ ಮಟ್ಟಿಗೆ. ಒಡಾಸಿಟಿ ಎಂಬ ಆಡಿಯೋ ಎಡಿಟರ್‌ನಲ್ಲಿ ಮಾತಿಲ್ಲದ ಎರಡು ಸೆಕೆಂಡ್ ಆರಿಸಿ ಅದನ್ನು ಶಬ್ದದ ಮಾದರಿ ಅಂತ ತೋರಿಸಿ, ಆಮೇಲೆ ಇಡೀ ಆಡಿಯೋಗೆ ನಾಯ್ಸ್ ರಿಡಕ್ಷನ್ ಹಾಕಿ. ಕಡಿಮೆ ಪ್ರಮಾಣದಲ್ಲಿ ಹಾಕಿ. ಜಾಸ್ತಿ ಆದರೆ ಮಾತು ನೀರೊಳಗಿಂದ ಬಂದಂತೆ ಕೇಳುತ್ತದೆ. ಶೀಟ್ ಮನೆಯೊಳಗೆ ಜುಲೈ ಮಳೆಯಲ್ಲಿ ತೆಗೆದದ್ದಾದರೆ ಆಸೆ ಬಿಡಿ. ಸಬ್‌ಟೈಟಲ್ ಹಾಕಿ.

ಕಪ್ಪು ಕುಪ್ಯ (ಕೊಡವರ ಉದ್ದ ನಿಲುವಂಗಿ) ತೊಟ್ಟವರೆಲ್ಲ ಕತ್ತಲ ಮುದ್ದೆಯಾಗಿ ಕಾಣುತ್ತಾರೆ. ಮದುಮಗನ ಬಿಳಿ ಕುಪ್ಯ ಕಣ್ಣು ಕುಕ್ಕುತ್ತದೆ.

ಒಂದೇ ಚೌಕಟ್ಟಿನಲ್ಲಿ ಎರಡೂ ಇದ್ದರೆ ಮೊಬೈಲ್ ತಡಬಡಾಯಿಸುತ್ತದೆ. ಬ್ರೈಟ್‌ನೆಸ್ ಏರಿಸಬೇಡಿ, ಬಿಳಿ ಇನ್ನೂ ಉರಿಯುತ್ತದೆ. ಕರ್ವ್ಸ್ ಅಥವಾ ಲಿಫ್ಟ್-ಗಾಮಾ-ಗೇನ್ ಎಫೆಕ್ಟ್‌ನಲ್ಲಿ ನಡುವಿನ ಮಟ್ಟ ಮಾತ್ರ ಮೆಲ್ಲಗೆ ಎತ್ತಿ. ಮುಖಗಳು ಕಂಡರೆ ಸಾಕು, ಬಟ್ಟೆಯ ನೇಯ್ಗೆ ಕಾಣಬೇಕಾಗಿಲ್ಲ. ಪೂರ್ತಿ ಬಿಳಿಯಾಗಿ ಸುಟ್ಟುಹೋದ ಭಾಗಕ್ಕೆ ಮದ್ದಿಲ್ಲ.

2000ದ ದಶಕದ ಮದುವೆ ಡಿವಿಡಿ, ಮಿನಿಡಿವಿ ಕ್ಯಾಸೆಟ್ ಇವೆ. ಏನು ಮಾಡುವುದು?

ಎಡಿಟಿಂಗ್ ಆಮೇಲೆ. ಮೊದಲು ನಕಲು ಮಾಡಿ, ಈ ಬೇಸಿಗೆಯಲ್ಲೇ. ನಮ್ಮ ಮಳೆಗಾಲದ ತೇವಕ್ಕೆ ಕ್ಯಾಸೆಟ್‌ಗೂ ಲೆನ್ಸ್‌ಗೂ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಾಣುತ್ತಿರುವ ಕ್ಯಾಸೆಟನ್ನು ಕ್ಯಾಮೆರಾಗೆ ಹಾಕಬೇಡಿ, ಹೆಡ್ ಹಾಳಾಗುತ್ತದೆ.

ಡಿವಿಡಿ ಸುಲಭ. ಸ್ಟುಡಿಯೋದವರು ಬರೆದುಕೊಟ್ಟ ಮದುವೆ ಡಿಸ್ಕ್‌ಗೆ ಸಿನಿಮಾ ಡಿಸ್ಕ್‌ನಂತೆ ಬೀಗ ಇರುವುದಿಲ್ಲ. ಒಳಗಿನ ವಿಒಬಿ ಫೈಲ್‌ಗಳನ್ನು ನಕಲು ಮಾಡಿಕೊಂಡರೆ ಕೆಡೆನ್‌ಲೈವ್, ಶಾಟ್‌ಕಟ್ ಎರಡೂ ಓದುತ್ತವೆ. ಒಂದೊಂದು ಫೈಲ್ ಸುಮಾರು 1 ಜಿಬಿಗೆ ತುಂಡಾಗಿರುತ್ತದೆ, ಸಾಲಾಗಿ ಇಡಿ. ಅವು ಪಾಲ್ ಎಂಬ ಹಳೆ ಟಿವಿ ಪದ್ಧತಿಯವು, 720x576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ಡ್ (ಒಂದು ಬಿಟ್ಟು ಒಂದು ಗೆರೆಯಾಗಿ ದಾಖಲಾದದ್ದು). ಓಡುವವರ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಥರ ಗೆರೆ ಕಾಣುವುದು ಅದಕ್ಕೇ. ಡಿಇಂಟರ್‌ಲೇಸ್ ಮಾಡಿದರೆ ಹೋಗುತ್ತದೆ. ಪ್ರಾಜೆಕ್ಟನ್ನೂ 25 ಫ್ರೇಮ್‌ಗೇ ಇಡಿ. ದಯವಿಟ್ಟು ಟಿವಿ ತುಂಬಲಿ ಅಂತ ಚಿತ್ರವನ್ನು ಅಗಲಕ್ಕೆ ಎಳೆಯಬೇಡಿ. ಎರಡು ಬದಿ ಕಪ್ಪು ಪಟ್ಟಿ ಇದ್ದರೆ ಏನು ನಷ್ಟ? ಎಳೆದರೆ ಎಲ್ಲರೂ ದಪ್ಪಗಾಗುತ್ತಾರೆ.

ಮಿನಿಡಿವಿಗೆ ಓಡುವ ಕ್ಯಾಮೆರಾ ಬೇಕು, ಫೈರ್‌ವೈರ್ ಪೋರ್ಟ್ ಇರುವ ಕಂಪ್ಯೂಟರ್ ಬೇಕು. ಲಿನಕ್ಸ್‌ನಲ್ಲಿ ಡಿವಿಗ್ರ್ಯಾಬ್ ಎಂಬ ಪುಟ್ಟ ಪ್ರೋಗ್ರಾಂ ಟೇಪಿನಲ್ಲಿ ಇರುವುದನ್ನು ಹಾಗೇ ಇಳಿಸಿಕೊಳ್ಳುತ್ತದೆ. ಒಂದು ಗಂಟೆಗೆ ಸುಮಾರು 13 ಜಿಬಿ. ಫೈರ್‌ವೈರ್ ಬೆಂಬಲವನ್ನು ಲಿನಕ್ಸ್ ಕರ್ನಲ್‌ನಲ್ಲಿ 2029ರವರೆಗೆ ನೋಡಿಕೊಳ್ಳುವ ಯೋಜನೆ ಇದೆ. ಅಲ್ಲಿವರೆಗೆ ನಿಮ್ಮ ಕ್ಯಾಮೆರಾದ ಬೆಲ್ಟ್ ಉಳಿಯುತ್ತದಾ ಅನ್ನುವುದೇ ಚಿಂತೆ.

ಡಾವಿಂಚಿ ರಿಸಾಲ್ವ್ ಉಚಿತ, ಸಿನಿಮಾದವರೇ ಬಳಸುತ್ತಾರೆ. ಅದನ್ನೇ ಹಾಕಿದರೆ?

ಬಣ್ಣದ ಕೆಲಸಕ್ಕೆ ಅದಕ್ಕೆ ಸಾಟಿ ಇಲ್ಲ, ನಿಜ. ಆದರೆ ಲಿನಕ್ಸ್‌ನ ಉಚಿತ ಆವೃತ್ತಿ ಮೊಬೈಲಿನ ಎಚ್.264, ಎಚ್.265 ವಿಡಿಯೋಗಳನ್ನು ಓದುವುದಿಲ್ಲ. ಎಎಸಿ ಧ್ವನಿಯದ್ದೂ ತಕರಾರು. ಅಂದರೆ ಪ್ರತಿ ಕ್ಲಿಪ್ಪನ್ನೂ ಡಿಎನ್‌ಎಕ್ಸ್‌ಎಚ್‌ಆರ್‌ನಂಥ ಭಾರೀ ರೂಪಕ್ಕೆ ಬದಲಿಸಿ ಹಾಕಬೇಕು. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬೇಕು. ತಯಾರಕರು ಅಧಿಕೃತವಾಗಿ ಬೆಂಬಲಿಸುವುದು ರಾಕಿ ಲಿನಕ್ಸನ್ನು, ಮಿಂಟನ್ನಲ್ಲ. ನಾಮಕರಣದ ವಿಡಿಯೋಗೆ ಇಷ್ಟು ಪಾಡು ಯಾಕೆ?

ಪಿಟಿವಿ, ಫ್ಲೋಬ್ಲೇಡ್, ಆಲಿವ್, ಬ್ಲೆಂಡರ್ ಅಂತ ಬೇರೆ ಎಡಿಟರ್‌ಗಳೂ ಇವೆಯಲ್ಲ?

ಫ್ಲೋಬ್ಲೇಡ್ ಲಿನಕ್ಸ್‌ಗೆಂದೇ ಬರೆದದ್ದು, ಚುರುಕಾಗಿದೆ, ಇಷ್ಟವಾದರೆ ಬಳಸಿ. ಪಿಟಿವಿಗೆ 2023ರ ನಂತರ ಹೊಸತನ ಕಡಿಮೆ. ಆಲಿವ್ ಇನ್ನೂ ಆಲ್ಫಾ (ಪ್ರಯೋಗದ) ಹಂತದ್ದು, ಮನೆ ವಿಡಿಯೋ ಅದಕ್ಕೆ ಒಪ್ಪಿಸಬೇಡಿ. ಬ್ಲೆಂಡರ್‌ನಲ್ಲಿ ಎಡಿಟರ್ ಇದೆ, ಆದರೆ ಅದನ್ನು ಕಲಿಯುವಷ್ಟರಲ್ಲಿ ಮಗು ಶಾಲೆಗೆ ಹೋಗುತ್ತಿರುತ್ತದೆ.

ಮನೆಯಲ್ಲಿ ನೆಟ್ ಸಿಗಲ್ಲ. ಇನ್‌ಸ್ಟಾಲ್ ಹೇಗೆ?

ಆ್ಯಪ್‌ಇಮೇಜ್ ತಗೊಳ್ಳಿ. ಒಂದೇ ಫೈಲ್. ಮಡಿಕೇರಿಗೋ ಗೋಣಿಕೊಪ್ಪಕ್ಕೋ ಹೋದಾಗ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತಂದು, ಪ್ರಾಪರ್ಟೀಸ್‌ನಲ್ಲಿ ರನ್ ಆಗಲು ಅನುಮತಿ ಕೊಟ್ಟು ಡಬಲ್ ಕ್ಲಿಕ್ ಮಾಡಿದರೆ ಓಡುತ್ತದೆ. ಕೆಡೆನ್‌ಲೈವ್, ಶಾಟ್‌ಕಟ್, ಓಪನ್‌ಶಾಟ್ ಮೂರೂ ಹೀಗೆ ಸಿಗುತ್ತವೆ. ನೆಟ್ ಚೆನ್ನಾಗಿದ್ದರೆ ನೆಟ್‌ನಿಂದಲೇ ಇನ್‌ಸ್ಟಾಲ್ ಆಗುವ ಫ್ಲಾಟ್‌ಪ್ಯಾಕ್ ರೂಪ ಒಳ್ಳೆಯದು. ಮಿಂಟ್‌ನ ಮಾಮೂಲಿ ಪ್ಯಾಕೇಜ್ ಹಳೆಯ ಆವೃತ್ತಿ ಆಗಿರುತ್ತದೆ. ಫೆಡೋರಾ ಎಂಬ ಲಿನಕ್ಸ್ ಬಳಸುವವರು ಕೋಡೆಕ್‌ಗಳಿಗಾಗಿ (ವಿಡಿಯೋ ರೂಪಗಳನ್ನು ಓದಿಸುವ ತುಣುಕುಗಳು) ಆರ್‌ಪಿಎಂ ಫ್ಯೂಶನ್ ಎಂಬ ಹೆಚ್ಚುವರಿ ಪ್ಯಾಕೇಜ್ ಭಂಡಾರ ಸೇರಿಸಿಕೊಳ್ಳಬೇಕಾಗಬಹುದು.

ಪ್ರಾಜೆಕ್ಟ್ ನಡುವೆ ಆವೃತ್ತಿ ಬದಲಿಸಬೇಡಿ. ಕೆಡೆನ್‌ಲೈವ್ 23.04ರಲ್ಲಿ ಉಳಿಸಿದ ಪ್ರಾಜೆಕ್ಟ್ ಅದಕ್ಕಿಂತ ಹಳೆಯದರಲ್ಲಿ ತೆರೆಯುವುದಿಲ್ಲ.

ಕರೆಂಟ್ ಹೋದರೆ ಮಾಡಿದ್ದೆಲ್ಲ ಹೋಯಿತಾ? ಬ್ಯಾಕಪ್ ಹೇಗೆ?

ಎಡಿಟ್ ಉಳಿಯುತ್ತದೆ, ಕೆಡೆನ್‌ಲೈವ್, ಶಾಟ್‌ಕಟ್ ಎರಡೂ ಆಗಾಗ ತಾವೇ ಸೇವ್ ಮಾಡುತ್ತವೆ. ಮತ್ತೆ ತೆರೆದಾಗ ವಾಪಸ್ ತರಲಾ ಅಂತ ಕೇಳುತ್ತವೆ. ಆದರೆ ಎಕ್ಸ್‌ಪೋರ್ಟ್ ಅರ್ಧದಲ್ಲಿ ನಿಂತರೆ ಮೊದಲಿಂದ ಶುರು ಮಾಡಬೇಕು. ಮಳೆಗಾಲದಲ್ಲಿ ಬ್ಯಾಟರಿ ತುಂಬಿಸಿಕೊಂಡೇ ಎಕ್ಸ್‌ಪೋರ್ಟ್ ಒತ್ತಿ.

ಪ್ರಾಜೆಕ್ಟ್ ಫೈಲ್‌ನಲ್ಲಿ ವಿಡಿಯೋ ಇರುವುದಿಲ್ಲ, ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಅದೊಂದನ್ನೇ ಪೆನ್‌ಡ್ರೈವ್‌ಗೆ ಹಾಕಿ ನಿಶ್ಚಿಂತೆಯಾಗುವವರು ಬಹಳ. ಕೆಡೆನ್‌ಲೈವ್‌ನಲ್ಲಿ ಆರ್ಕೈವ್ ಪ್ರಾಜೆಕ್ಟ್ ಒತ್ತಿದರೆ ಎಲ್ಲ ಕ್ಲಿಪ್‌ಗಳನ್ನೂ ಒಂದೆಡೆ ಕೂಡಿಸುತ್ತದೆ. ಅದರ ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ ಇರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆಯ ಜೊತೆ ಆಲ್ಬಂಗಳೂ ಹೋದವು. ಬೇರೆ ಊರು ಅನ್ನುವುದು ಅದಕ್ಕೇ.

ಸಿನಿಮಾ ಹಾಡು ಹಾಕಿ ಯೂಟ್ಯೂಬ್‌ಗೆ ಏರಿಸಬಹುದಾ?

ಅನ್‌ಲಿಸ್ಟೆಡ್ ಆಗಿ ಇಟ್ಟರೂ ಯೂಟ್ಯೂಬ್‌ನ ಕಂಟೆಂಟ್ ಐಡಿ ಹಾಡನ್ನು ಗುರುತಿಸುತ್ತದೆ. ಧ್ವನಿ ಬಂದ್ ಆಗಬಹುದು, ವಿಡಿಯೋ ತಡೆಹಿಡಿಯಬಹುದು. ನೀವೇ ರೆಕಾರ್ಡ್ ಮಾಡಿದ ವಾಲಗ, ದುಡಿಕೊಟ್ಟ್ ಪಾಟ್ (ದುಡಿ ಬಾರಿಸಿ ಹಾಡುವ ಕೊಡವ ಹಾಡು) ಇರುವಾಗ ಸಿನಿಮಾ ಹಾಡು ಯಾಕೆ ಅಂತ ನನ್ನ ಪ್ರಶ್ನೆ.

ಕೊನೆಗೆ ಯಾವ ರೂಪದಲ್ಲಿ ತೆಗೆಯಲಿ? ಟಿವಿಯಲ್ಲಿ ಓಡಬೇಕು.

ಎಂಪಿ4, ಒಳಗೆ ಎಚ್.264 ವಿಡಿಯೋ, ಎಎಸಿ ಧ್ವನಿ, 1080ಪಿ. ಹಳೆ ಟಿವಿಗೂ ಇದು ಹೊಂದುತ್ತದೆ. ಸೆಕೆಂಡಿಗೆ 8 ಮೆಗಾಬಿಟ್ ಇಟ್ಟರೆ 20 ನಿಮಿಷಕ್ಕೆ ಸುಮಾರು 1.2 ಜಿಬಿ. ಪೆನ್‌ಡ್ರೈವ್ ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದರಲ್ಲಿ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬಹುದು, ಆದರೆ ಕೆಲವು ಹಳೆ ಟಿವಿಗಳು ಅದನ್ನು ಓದುವುದಿಲ್ಲ. ಅಂಥ ಕಡೆ ವಿಡಿಯೋವನ್ನೇ ಎರಡು ಭಾಗ ಮಾಡಿ. ಮುಹೂರ್ತ ಒಂದು, ಗಂಗಾಪೂಜೆ ಇನ್ನೊಂದು. ಬಹಳಷ್ಟು ಮಂದಿ ನೋಡುವುದು ಎರಡನೆಯದನ್ನೇ.